ಮಾಚಿಕಬ್ಬೆಯ ಮಗಳು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಅರಸೀಕೆರೆಯು ಒಂದು ದೊಡ್ಡ ಜಂಕ್ಷನ್. ಬೇಲೂರು ಹಳೇಬೀಡುಗಳ ಶಿಲ್ಪವನ್ನು ಕಾಣಬಯಸುವ ಅನೇಕ ಯಾತ್ರಿಕರು ಇಲ್ಲಿಯೇ ಇಳಿದು, ಬಾಣಾವರದ ಮಾರ್ಗವಾಗಿ ಮುಂದೆ ಸಾಗುತ್ತಾರೆ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಈ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಇಲ್ಲಿಂದ ಹೊರಟು ಹಳೇಬೀಡನ್ನು ಮುಟ್ಟಿದರೆ, ಅಲ್ಲಿ ಒಂದೇ ಜಗತಿಯ ಮೇಲೆ ನಿಂತ ಜೋಡಿ ಗುಡಿಗಳಲ್ಲಿ ಒಂದು ಅರಸಿಯ ಹೆಸರನ್ನೇ ಹೊತ್ತಿದೆ. ಇನ್ನೂ 16 ಕಿಲೋಮೀಟರು ಮುಂದೆ ಬೇಲೂರಿಗೆ ಹೋದರೆ, ಅಲ್ಲಿಯೂ ಆ ಅರಸಿ ಕಟ್ಟಿಸಿದ ದೇಗುಲವೊಂದು ಕಾಣಸಿಗುತ್ತದೆ. ಆಕೆಯೇ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆ. ಗಾಯನ, ವಾದನ, ನರ್ತನಗಳಲ್ಲಿ ಸಮಾನ ಪಾಂಡಿತ್ಯ ಪಡೆದ ಆ ಕಲಾವಿದೆಯ ಬಾಳನ್ನು ಅರಿಯಬೇಕಾದರೆ, ಆಕೆಯನ್ನು ಹೆತ್ತ ತಾಯಿಯ ಬಾಳನ್ನೂ ಅರಿಯಬೇಕು. ಏಕೆಂದರೆ ಕಲ್ಲಿನ ಮೇಲೆ ಮಗಳ ಕಥೆ ಮುಗಿಯುವ ಎಡೆಯಲ್ಲಿಯೇ ತಾಯಿಯ ಕಥೆಯೂ ಮುಗಿಯುತ್ತದೆ.

ಶಾಂತಲೆಯ ತಂದೆ ಮಾರಸಿಂಗಯ್ಯ. ಪೆರ್ಗಡೆ ಎಂಬ ಅಧಿಕಾರಪದವಿಯಲ್ಲಿದ್ದ ಅವನು ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಾಚಿಕಬ್ಬೆಯ ತವರು ಹೆಸರಾಂತ ಮನೆತನ. ಅವಳ ತಂದೆ ಬಲದೇವ ದಂಡನಾಯಕ, ತಾಯಿ ಬಾಚಿಕಬ್ಬೆ. ಶಾಂತಲೆಯ ಸೋದರಮಾವ ಸಿಂಗಿಮಯ್ಯನೂ ಅಧಿಕಾರಿಯಾಗಿದ್ದವನು. ಹೀಗೆ ಒಂದು ಕಡೆ ಶಿವಾರ್ಚನೆ, ಇನ್ನೊಂದು ಕಡೆ ಜಿನಪೂಜೆ ನಡೆಯುತ್ತಿದ್ದ ಮನೆಯಲ್ಲಿ ಶಾಂತಲೆ ಬೆಳೆದಳು. ಗಂಡನ ದೇವರು ಬೇರೆ, ಹೆಂಡತಿಯ ದೇವರು ಬೇರೆ ಎಂಬುದು ಆ ಮನೆಯ ಸಾಮರಸ್ಯಕ್ಕೆ ಅಡ್ಡಿಯಾಗಲಿಲ್ಲ. ಮಗಳು ತಾಯಿಯ ಧರ್ಮವನ್ನು ಅನುಸರಿಸಿದಳು. ತಂದೆಯ ಧರ್ಮವನ್ನು ಗೌರವಿಸಿದಳು. ಪ್ರಭಾಚಂದ್ರ ಸಿದ್ಧಾಂತದೇವರೆಂಬ ಜೈನ ಮುನಿಗಳು ಅವಳ ಗುರುಗಳು. ಮುಂದೆ ರಾಣಿಯಾದ ಮೇಲೆ ಅವಳು ಎಲ್ಲ ಮತಗಳಿಗೂ ಆಸರೆಯಾದವಳೆಂಬ ಕೀರ್ತಿಯನ್ನು ಪಡೆದಳು. ಆ ಕೀರ್ತಿಯ ಬೇರು ಹೆತ್ತವರ ಮನೆಯಂಗಳದಲ್ಲಿಯೇ ಇತ್ತು.

ನಮ್ಮ ಹಿಂದಿನ ಶಾಸ್ತ್ರಕಾರರು ಗೀತ, ವಾದ್ಯ, ನೃತ್ಯ ಈ ಮೂರನ್ನೂ ಕೂಡಿಸಿಯೇ ಸಂಗೀತವೆಂದು ಕರೆದರು. ಈ ಮೂರರಲ್ಲಿ ಒಂದನ್ನು ಸಾಧಿಸುವುದಕ್ಕೇ ಒಂದು ಜೀವಮಾನ ಸಾಲದು. ಶಾಂತಲೆ ಮೂರರಲ್ಲಿಯೂ ನಿಪುಣೆಯಾಗಿದ್ದಳೆಂದು ಅವಳ ಕಾಲದ ಶಾಸನಗಳು ಸಾರುತ್ತವೆ. ಇಂತಹ ವಿದ್ಯೆ ಒಂದು ದಿನದಲ್ಲಿ ಕೈಗೂಡುವಂಥದಲ್ಲ. ಎಳೆಯ ವಯಸ್ಸಿನಲ್ಲಿಯೇ ಕಿವಿಗೆ ಶ್ರುತಿ ಹತ್ತಬೇಕು. ಕಾಲಿಗೆ ತಾಳ ಹತ್ತಬೇಕು. ದಿನದಿನದ ಸಾಧನೆಗೆ ಬೇಸರಪಡದ ಮನಸ್ಸು ಬೇಕು. ಅದಕ್ಕೂ ಮಿಗಿಲಾಗಿ, ಹೆಣ್ಣುಮಗುವಿನ ಪ್ರತಿಭೆಯನ್ನು ಕಂಡು ಹಿಗ್ಗಿ, ಅದಕ್ಕೆ ಆಸರೆ ನೀಡುವ ತಾಯಿತಂದೆಗಳು ಬೇಕು. ಶಾಂತಲೆಗೆ ಇವೆಲ್ಲವೂ ಒದಗಿದ್ದುವು ಎನ್ನುವುದಕ್ಕೆ ಅವಳು ಮುಟ್ಟಿದ ಎತ್ತರವೇ ಸಾಕ್ಷಿ.

ಅವಳು ಬದುಕಿದ ಕಾಲವೂ ಕಲೆಗಳಿಗೆ ಅನುಕೂಲವಾದ ಕಾಲ. ಆಗ ಹೊಯ್ಸಳರು ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳ ಸಾಮಂತರಾಗಿದ್ದರು. ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ನೃತ್ಯಕಲೆಯಲ್ಲಿ ಹೆಸರು ಪಡೆದಿದ್ದಳು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯಗಳ ವಿಷಯವನ್ನು ವಿಸ್ತಾರವಾಗಿ ವಿವರಿಸಲಾಗಿದೆ. ರಾಣಿಯು ಸಭೆಯಲ್ಲಿ ಹಾಡುವುದು, ನರ್ತಿಸುವುದು ಆ ಕಾಲದವರ ದೃಷ್ಟಿಯಲ್ಲಿ ಗೌರವದ ಸಂಗತಿಯಾಗಿತ್ತು. ಶಾಸನಕವಿಗಳು ಶಾಂತಲೆಯ ರೂಪವನ್ನೂ ಶೀಲವನ್ನೂ ಹೊಗಳುವಾಗ ಅವಳ ಕಲಾಪ್ರೌಢಿಮೆಯನ್ನೂ ಅಷ್ಟೇ ಅಭಿಮಾನದಿಂದ ಎಣಿಸಿರುವುದು ಇದೇ ಕಾರಣದಿಂದ.

ಅಧಿಕಾರಿಯ ಮಗಳಾದ ಶಾಂತಲೆ ಹೊಯ್ಸಳ ದೊರೆಯ ಕೈಹಿಡಿದಳು. ಬಿಟ್ಟಿದೇವನೆಂಬ ಹೆಸರನ್ನೂ ಹೊಂದಿದ್ದ ವಿಷ್ಣುವರ್ಧನನು ಸುಮಾರು ಕ್ರಿ.ಶ. 1108ರಲ್ಲಿ ಪಟ್ಟಕ್ಕೆ ಬಂದನು. ಅವನು ಪರಾಕ್ರಮಿ, ಗಂಗರಾಜನಂತಹ ದಕ್ಷ ದಂಡನಾಯಕರನ್ನು ಪಡೆದವನು. ಕ್ರಿ.ಶ. 1116ರ ಸುಮಾರಿಗೆ ಅವನ ಸೈನ್ಯವು ಚೋಳರನ್ನು ಸೋಲಿಸಿ ತಲಕಾಡನ್ನು ಗೆದ್ದಿತು. ಆ ಗೆಲುವಿನಿಂದ ಹೊಯ್ಸಳರ ಚಿಕ್ಕ ನಾಡು ಒಂದು ರಾಜ್ಯವಾಗಿ ಬೆಳೆಯಿತು. ಮರುವರ್ಷ, ಎಂದರೆ 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣ ದೇವರ ಪ್ರತಿಷ್ಠೆ ನಡೆಯಿತು. ಇಂದು ನಾವು ಚೆನ್ನಕೇಶವನೆಂದು ಕರೆಯುವುದು ಈ ದೇವರನ್ನೇ. ಅದೇ ಆವರಣದಲ್ಲಿ, ದೊಡ್ಡ ಗುಡಿಯ ದಕ್ಷಿಣಕ್ಕೆ, ಪಟ್ಟಮಹಾದೇವಿಯೂ ಒಂದು ಗುಡಿಯನ್ನು ಕಟ್ಟಿಸಿದಳು. ಅದು ಕಪ್ಪೆ ಚೆನ್ನಿಗರಾಯನ ಗುಡಿ. ಆ ಮೂರ್ತಿಯ ಪೀಠದಲ್ಲಿರುವ ಬರಹದಲ್ಲಿ ಶಾಂತಲೆಯ ಹೆಸರಿದೆ. ಜಿನಭಕ್ತೆಯಾದ ರಾಣಿಯೊಬ್ಬಳು ವಿಷ್ಣುವಿಗೆ ಗುಡಿ ಕಟ್ಟಿಸಿದುದನ್ನು ಕಂಡಾಗ, ಎರಡು ದೇವರುಗಳ ನಡುವೆ ಆಡಿ ಬೆಳೆದ ಆ ಬಾಲೆಯ ನೆನಪು ಬಾರದಿರದು.

ಬೇಲೂರಿನ ದೇವಾಲಯವನ್ನು ಸುತ್ತುವವರಿಗೆ ಅದು ಕಲ್ಲಿನಲ್ಲಿ ಕಡೆದ ಸಂಗೀತಸಭೆಯಂತೆ ತೋರುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಮೈಯೊಡ್ಡಿದಂತೆಲ್ಲ ಗಡುಸಾಗುತ್ತದೆ. ಆದುದರಿಂದಲೇ ಹೊಯ್ಸಳ ಶಿಲ್ಪಿಗಳು ಕೂದಲೆಳೆಯಷ್ಟು ನವುರಾದ ಕೆಲಸವನ್ನು ಅದರಲ್ಲಿ ಮಾಡಲು ಸಾಧ್ಯವಾಯಿತು. ಕಂಬಗಳಿಗೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸಿದ 42 ಮದನಿಕೆಯರಲ್ಲಿ ಕೆಲವರು ನರ್ತಿಸುತ್ತಿದ್ದಾರೆ. ಕೆಲವರು ವಾದ್ಯ ನುಡಿಸುತ್ತಿದ್ದಾರೆ. ಅವರ ಕಾಲಬಳಿಯಲ್ಲಿ ಪುಟ್ಟ ಮದ್ದಳೆಗಾರರೂ ತಾಳಧಾರಿಗಳೂ ನಿಂತಿದ್ದಾರೆ. ಒಳಗೆ ನವರಂಗದ ನಡುವೆ ನುಣುಪಾದ ದುಂಡು ಜಗಲಿಯಿದೆ. ದೇವರ ಮುಂದೆ ನೃತ್ಯಸೇವೆ ನಡೆಯುತ್ತಿದ್ದುದು ಅದರ ಮೇಲೆ. ಕನ್ನಡಿ ಹಿಡಿದ ದರ್ಪಣಸುಂದರಿಯೇ ಶಾಂತಲೆಯೆಂದು ಮಾರ್ಗದರ್ಶಕರು ತೋರಿಸುವುದುಂಟು. ಇದು ಜನರ ಪ್ರೀತಿಯಿಂದ ಹುಟ್ಟಿದ ಮಾತು. ಇದಕ್ಕೆ ಶಾಸನದ ಆಧಾರವಿಲ್ಲ. ಆದರೆ ನೃತ್ಯವನ್ನು ಬಲ್ಲ ರಾಣಿಯೊಬ್ಬಳು ಅರಮನೆಯಲ್ಲಿದ್ದ ಕಾಲದಲ್ಲಿ ಈ ಕಲ್ಲುಗಳು ಕುಣಿಯಲು ಕಲಿತುವು ಎಂಬುದು ನಿಜ.

ಹೆತ್ತವರ ಹೆಮ್ಮೆಯ ಇನ್ನೊಂದು ಕಥೆಯೂ ಬೇಲೂರಿನಲ್ಲಿದೆ. ಜಕಣಾಚಾರಿಯೆಂಬ ಮಹಾಶಿಲ್ಪಿ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಎಳೆಯ ಶಿಲ್ಪಿಯೊಬ್ಬನು ಎತ್ತಿ ತೋರಿಸಿದನಂತೆ. ಪರೀಕ್ಷಿಸಿದಾಗ ಕಲ್ಲಿನೊಳಗೆ ನೀರೂ ಕಪ್ಪೆಯೂ ಕಂಡುವಂತೆ. ಆ ತರುಣನು ತನ್ನ ಮಗನಾದ ಡಂಕಣನೇ ಎಂದು ಆಮೇಲೆ ತಿಳಿದಾಗ, ಸೋತ ತಂದೆಯು ಗೆದ್ದವನಿಗಿಂತ ಹೆಚ್ಚು ಸಂತೋಷಪಟ್ಟನಂತೆ. ಕಪ್ಪೆ ಚೆನ್ನಿಗರಾಯನೆಂಬ ಹೆಸರಿಗೆ ಜನರು ಕೊಡುವ ವಿವರಣೆಯಿದು. ಇದು ಐತಿಹ್ಯ. ಆದರೆ ಇದಕ್ಕೆ ಹತ್ತಿರವಾದ ನಿಜಸಂಗತಿಯೊಂದು ಅದೇ ಆವರಣದಲ್ಲಿದೆ. ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣ ಎಂಬ ಶಿಲ್ಪಿಗಳು ತಾವು ಕಡೆದ ಮದನಿಕೆಯರ ಪೀಠಗಳಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಮಗನು ತನ್ನ ಹೆಸರಿನೊಡನೆ ತಂದೆಯ ಹೆಸರನ್ನೂ ಬರೆದಿದ್ದಾನೆ. ಉಳಿ ಹಿಡಿಯಲು ಕಲಿಸಿದ ತಂದೆ, ಮಗನ ಕೆಲಸದ ಪಕ್ಕದಲ್ಲಿಯೇ ತನ್ನ ಕೆಲಸವನ್ನು ನಿಲ್ಲಿಸಿದಾಗ ಪಟ್ಟಿರಬಹುದಾದ ಹೆಮ್ಮೆಗೆ ಬೇರೆ ಮಾತು ಬೇಕಿಲ್ಲ.

ಮಾಚಿಕಬ್ಬೆಯ ಹೆಮ್ಮೆಯೂ ಅಂದಿನಿಂದ ವರ್ಷವರ್ಷಕ್ಕೆ ಬೆಳೆಯುತ್ತ ಹೋಗಿರಬೇಕು. ಹೊಯ್ಸಳರ ರಾಜಧಾನಿ ದೋರಸಮುದ್ರ. ಅದೇ ಇಂದಿನ ಹಳೇಬೀಡು. ಅಲ್ಲಿ ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು ಒಂದು ಮಹಾ ಶಿವಾಲಯವನ್ನು ಎತ್ತಿಸಿದನು. 1121ರ ಶಾಸನವೊಂದು ಆ ದೇವಾಲಯಕ್ಕೆ ಸಂದ ದತ್ತಿಯನ್ನು ತಿಳಿಸುತ್ತದೆ. ಎರಡು ಗರ್ಭಗೃಹಗಳಿರುವ ಆ ದೇಗುಲದಲ್ಲಿ ಒಂದು ಲಿಂಗಕ್ಕೆ ದೊರೆಯ ಹೆಸರಿನಿಂದ ಹೊಯ್ಸಳೇಶ್ವರನೆಂದೂ, ಮತ್ತೊಂದಕ್ಕೆ ರಾಣಿಯ ಹೆಸರಿನಿಂದ ಶಾಂತಲೇಶ್ವರನೆಂದೂ ಕರೆಯುತ್ತಾರೆ. ಎರಡೂ ಗುಡಿಗಳು ಒಂದೇ ಅಳತೆ. ಎರಡರ ಮುಂದೆಯೂ ನಂದಿಮಂಟಪ. ಗಂಡನ ಹೆಸರಿಗೆ ಸರಿದೊರೆಯಾಗಿ ಹೆಂಡತಿಯ ಹೆಸರು ನಿಂತಿರುವ ಇಂತಹ ಮಹಾದೇವಾಲಯಗಳು ವಿರಳ. ಶಿವಭಕ್ತನಾದ ಮಾರಸಿಂಗಯ್ಯನಿಗೆ ತನ್ನ ಮಗಳ ಹೆಸರು ಶಿವನ ಹೆಸರಿನೊಡನೆ ಬೆರೆತುದಕ್ಕಿಂತ ಹೆಚ್ಚಿನ ಭಾಗ್ಯ ಇನ್ನಾವುದಿದ್ದೀತು?

ತಂದೆಯ ದೇವರಿಗೆ ಸಂದ ಗೌರವವು ತಾಯಿಯ ದೇವರಿಗೂ ಸಂದಿತು. ಶಾಂತಲೆಯು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥ ತೀರ್ಥಂಕರನಿಗೆ ಒಂದು ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಸವತಿಗಂಧವಾರಣ ಬಸದಿಯೆಂದು ಹೆಸರು. ಗಂಧವಾರಣವೆಂದರೆ ಮದ್ದಾನೆ. ಸವತಿಯರೆಂಬ ಆನೆಗಳ ಸೊಕ್ಕಡಗಿಸುವ ಮದ್ದಾನೆಯೆಂಬುದು ರಾಣಿಗಿದ್ದ ಬಿರುದು. ದೊರೆಗೆ ಹಲವು ರಾಣಿಯರಿದ್ದ ಆ ಕಾಲದಲ್ಲಿ ಅಂತಃಪುರದ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲವೆಂಬುದನ್ನು ಈ ಬಿರುದೇ ಸೂಚಿಸುತ್ತದೆ. 1123ರಲ್ಲಿ ಈ ಬಸದಿಯ ಪೂಜೆಗಾಗಿಯೂ ಮುನಿಗಳ ಆಹಾರದಾನಕ್ಕಾಗಿಯೂ ಮೊಟ್ಟೆನವಿಲೆಯೆಂಬ ಗ್ರಾಮವನ್ನು ಅವಳು ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಬೆಳಗೊಳದ ಶಾಸನಗಳು ರಾಣಿಯ ವಿವೇಕವನ್ನೂ ದಾನಗುಣವನ್ನೂ ಗೀತ ವಾದ್ಯ ನೃತ್ಯಗಳಲ್ಲಿನ ಪ್ರಾವೀಣ್ಯವನ್ನೂ ಕೊಂಡಾಡುತ್ತವೆ. ಹಾಗೆಯೇ ಅವಳ ಹೆತ್ತವರನ್ನೂ ಹೆಸರಿಸುತ್ತವೆ. ರಾಣಿಯಾದವಳಿಗೆ ಗಂಡನ ವಂಶದ ಹಿರಿಮೆಯೇ ಸಾಕಾಗಿತ್ತು. ಆದರೂ ಪೆರ್ಗಡೆ ಮಾರಸಿಂಗಯ್ಯ, ಮಾಚಿಕಬ್ಬೆಯರ ಹೆಸರುಗಳು ಕಲ್ಲಿನಲ್ಲಿ ಉಳಿದುವು. ತಾಯಿತಂದೆಗಳು ಮಕ್ಕಳ ಬಗೆಗೆ ಪಡುವ ಹೆಮ್ಮೆ ಸಹಜ. ಮಕ್ಕಳು ಎತ್ತರಕ್ಕೆ ಏರಿದ ಮೇಲೆಯೂ ತಾಯಿತಂದೆಗಳ ಹೆಸರು ಅವರೊಡನೆ ಉಳಿಯುವುದು ಅದಕ್ಕಿಂತ ದೊಡ್ಡದು.

ಆದರೆ ಆ ಹೆಮ್ಮೆಗೆ ಆಘಾತದ ದಿನವೊಂದು ಕಾದಿತ್ತು. ಕ್ರಿ.ಶ. 1131, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ. ಆ ದಿನ ಶಾಂತಲೆಯು ಶಿವಗಂಗೆಯ ತೀರ್ಥದಲ್ಲಿ ಕಾಲವಾದಳು. ಶಿವಗಂಗೆಯು ಈಗ ನೆಲಮಂಗಲ ತಾಲ್ಲೂಕಿಗೆ ಸೇರಿದ ಬೆಟ್ಟ. ಹೆಸರಾದ ಶೈವ ಕ್ಷೇತ್ರ. ಶಾಂತಲೆಯು ಅಲ್ಲಿಯ ಕಡಿದಾದ ಬಂಡೆಯಿಂದ ಧುಮುಕಿ ಪ್ರಾಣಬಿಟ್ಟಳೆಂದು ಕಥೆ ಹುಟ್ಟಿದೆ. ಕಾದಂಬರಿಕಾರರೂ ನಾಟಕಕಾರರೂ ಅದಕ್ಕೆ ಬಣ್ಣ ತುಂಬಿದ್ದಾರೆ. ಶಾಸನವು ಅಂತಹ ಮಾತನ್ನು ಆಡುವುದಿಲ್ಲ. ಆಕೆ ಸ್ವರ್ಗಸ್ಥಳಾದಳೆಂದಷ್ಟೇ ತಿಳಿಸುತ್ತದೆ. ತಾಯಿಯ ಧರ್ಮವನ್ನು ಬಾಳಿನುದ್ದಕ್ಕೂ ಪಾಲಿಸಿದವಳು ತಂದೆಯ ದೇವರ ನೆಲೆಯಲ್ಲಿ ಕಣ್ಣುಮುಚ್ಚಿದಳು. ಬೇಲೂರಿನ ನವರಂಗದಲ್ಲಿ ಗೆಜ್ಜೆಯ ದನಿ ಮುಂದೆಯೂ ಕೇಳಿಸಿತು. ಆದರೆ ಅದನ್ನು ಬಲ್ಲ ರಾಣಿ ಅಲ್ಲಿರಲಿಲ್ಲ. ಮುಂದೆ ವಿಷ್ಣುವರ್ಧನನ ಇನ್ನೊಬ್ಬ ರಾಣಿಯಾದ ಲಕ್ಷ್ಮೀದೇವಿಯ ಮಗ ನರಸಿಂಹನು ಸಿಂಹಾಸನವನ್ನು ಏರಿದನು.

ಮಗಳ ಮರಣವಾರ್ತೆ ಮಾಚಿಕಬ್ಬೆಗೆ ತಲುಪಿತು. ಮಕ್ಕಳು ಹಿರಿಯರಿಗೆ ಉತ್ತರಕ್ರಿಯೆ ಮಾಡುವುದು ಲೋಕದ ಕ್ರಮ. ಆ ಕ್ರಮವು ತಿರುಗುಮುರುಗಾದಾಗ ಹೆತ್ತ ಒಡಲಿಗೆ ಆಗುವ ಸಂಕಟವನ್ನು ಅಳೆಯಲು ಮಾನವಿಲ್ಲ. ಮಗಳ ಮೊದಲ ತೊದಲು ಹಾಡನ್ನು ಕೇಳಿದವಳು, ಅವಳ ಪಟ್ಟಾಭಿಮಾನವನ್ನು ಕಂಡವಳು, ಅವಳ ಹೆಸರಿನ ಗುಡಿಗಳು ಏಳುವುದನ್ನು ನೋಡಿದವಳು ಈಗ ಬರಿಗೈಯಾಗಿ ನಿಂತಳು. ಮಗಳಿಲ್ಲದ ಮೇಲೆ ತಾನು ಹಿಂದೆ ಉಳಿಯಲಾರೆನೆಂದು ಬಗೆದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಅದು ಮಗಳು ಬಸದಿ ಕಟ್ಟಿಸಿದ ಬೆಟ್ಟ. ಅಲ್ಲಿ ಅವಳು ಸನ್ಯಸನವನ್ನು ಕೈಗೊಂಡಳು.

ಸನ್ಯಸನವೆಂಬುದು ಜೈನರ ಅಂತಿಮ ವ್ರತ. ಸಲ್ಲೇಖನವೆಂದೂ ಅದನ್ನು ಕರೆಯುತ್ತಾರೆ. ಬಾಳಿನ ಕೊನೆಯ ಕಾಲದಲ್ಲಿ, ಗುರುಗಳ ಅನುಮತಿ ಪಡೆದು, ಎಲ್ಲರ ಕ್ಷಮೆ ಬೇಡಿ, ಆಹಾರವನ್ನೂ ಆಸೆಯನ್ನೂ ಮೆಲ್ಲಮೆಲ್ಲನೆ ತೊರೆಯುವ ಕಠಿನ ಆಚರಣೆಯದು. ಸಿಟ್ಟಿನಿಂದಾಗಲಿ ದುಃಖದ ಆವೇಗದಿಂದಾಗಲಿ ಪ್ರಾಣ ಬಿಡುವುದನ್ನು ಜೈನಶಾಸ್ತ್ರವು ಒಪ್ಪುವುದಿಲ್ಲ. ಮೋಹವನ್ನು ಕಳೆದುಕೊಂಡವರಿಗೆ ಮಾತ್ರ ಆ ವ್ರತ. ಮಾಚಿಕಬ್ಬೆಗೆ ಒದಗಿದ ನಿಜವಾದ ಪರೀಕ್ಷೆಯೂ ಇದೇ ಆಗಿತ್ತು. ಬೇರೆಯವರು ಹೊನ್ನನ್ನೋ ಮನೆಯನ್ನೋ ತೊರೆಯಬೇಕಾಗುತ್ತದೆ. ಅವಳು ತೊರೆಯಬೇಕಾಗಿದ್ದುದು ಮಗಳ ಮೇಲಿನ ಮೋಹವನ್ನು. ನಾಡೇ ಮೆಚ್ಚಿದ ಮಗಳ ತಾಯಿ ತಾನೆಂಬ ಹೆಮ್ಮೆಯನ್ನು.

ಅವಳು ಆ ಪರೀಕ್ಷೆಯನ್ನು ಎದುರಿಸಿದ ಬಗೆಯನ್ನು ಶಾಸನವು ಚಿತ್ರದಂತೆ ಕಣ್ಣಮುಂದೆ ನಿಲ್ಲಿಸುತ್ತದೆ. ಅರೆಮುಚ್ಚಿದ ಕಣ್ಣುಗಳು, ನಾಲಗೆಯ ಮೇಲೆ ಪಂಚನಮಸ್ಕಾರದ ಪದಗಳು, ಮನದಲ್ಲಿ ಜಿನೇಂದ್ರನ ಧ್ಯಾನ. ಬಂಧುಗಳನ್ನು ಬೀಳ್ಕೊಡುವಾಗ ಅವಳ ಗಾಂಭೀರ್ಯ ಕದಡಲಿಲ್ಲ. ಒಂದು ತಿಂಗಳ ಕಾಲ ಅವಳು ಉಪವಾಸವಿದ್ದಳು. ಶಾಂತಲೆಯ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರೂ ಇತರ ಮುನಿಗಳೂ ಬಳಿಯಲ್ಲಿದ್ದರು. ಅವರ ಸನ್ನಿಧಿಯಲ್ಲಿ ಮಾಚಿಕಬ್ಬೆ ಸಮಾಧಿಯಿಂದ ದೇಹವನ್ನು ಬಿಟ್ಟಳು. ಮಗಳಿಗೆ ಧರ್ಮವನ್ನು ಬೋಧಿಸಿದ ಗುರುವೇ ತಾಯಿಯ ಅಂತ್ಯಕ್ಕೂ ಸಾಕ್ಷಿಯಾದರು. ಮಗಳು ಕಾಲವಾದ ಸಂಗತಿಯನ್ನೂ, ಅದರ ಬೆನ್ನಿಗೆ ತಾಯಿ ಕೈಗೊಂಡ ವ್ರತವನ್ನೂ ಒಂದೇ ಶಾಸನವು ಹೇಳುತ್ತದೆ. ಚಿಕ್ಕಬೆಟ್ಟದ ಮೇಲೆ ಆ ಶಾಸನವು ಇಂದಿಗೂ ಉಳಿದಿದೆ.

ಆ ತರುವಾಯ ಕಾಲವು ಅನೇಕ ಏರಿಳಿತಗಳನ್ನು ಕಂಡಿತು. 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರದ ಮೇಲೆ ದಾಳಿಯಿಟ್ಟಿತು. ಆ ಶತಮಾನ ಮುಗಿಯುವುದರೊಳಗೆ ಹೊಯ್ಸಳರ ಆಳ್ವಿಕೆ ಕೊನೆಗೊಂಡಿತು. ವೈಭವದ ರಾಜಧಾನಿಯು ಹಳೆಯ ಬೀಡಾಗಿ ಉಳಿಯಿತು. ಅರಮನೆಯ ಗೋಡೆಗಳು ಮಣ್ಣಾದುವು. ಖಜಾನೆಯ ಹೊನ್ನು ಎಲ್ಲಿಗೋ ಹೋಯಿತು. ಉಳಿದುದು ಗುಡಿಗಳು, ಬಸದಿಗಳು, ಅವುಗಳ ಕಲ್ಲುಗಳ ಮೇಲಿನ ಅಕ್ಷರಗಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೇಶವಿದೇಶಗಳಿಂದ ಬರುವವರು ಶಾಂತಲೇಶ್ವರನ ಮುಂದೆ ನಿಂತು, ಆ ಹೆಸರಿನ ಅರಸಿ ಯಾರೆಂದು ಕೇಳುತ್ತಾರೆ. ಅವರಿಗೆ ನಾಟ್ಯರಾಣಿಯ ಕಥೆಯನ್ನು ಹೇಳುವವರು ಅನೇಕರಿದ್ದಾರೆ. ಆ ರಾಣಿಯ ತಾಯಿಯನ್ನು ನೆನೆಯುವವರು ಕೆಲವರೇ.

ಶಾಂತಲೆ ಹಾಡಿದ ಹಾಡು ಗಾಳಿಯಲ್ಲಿ ಲೀನವಾಗಿದೆ. ಅವಳ ನೃತ್ಯವನ್ನು ಕಂಡ ಕಣ್ಣುಗಳು ಮುಚ್ಚಿ ಒಂಬತ್ತು ಶತಮಾನಗಳು ಸಂದಿವೆ. ಗಾನವೂ ನೃತ್ಯವೂ ಹುಟ್ಟಿದ ಕ್ಷಣದಲ್ಲಿಯೇ ಮರೆಯಾಗುವ ಕಲೆಗಳು. ಆದರೆ ಆ ಕಲೆಗಳನ್ನು ಸಾಧಿಸಿದವಳು ಎಲ್ಲ ದೇವರುಗಳಿಗೂ ತಲೆಬಾಗಿ, ದಾನಧರ್ಮಗಳಲ್ಲಿ ಕೈಯೆತ್ತಿ ನೀಡಿ, ಹೆತ್ತವರಿಗೆ ಕೀರ್ತಿ ತಂದು ಬಾಳಿದಳೆಂಬ ಸಂಗತಿ ಮರೆಯಾಗಿಲ್ಲ. ಅಂತಹ ಮಗಳನ್ನು ಬೆಳೆಸಿದ ತಾಯಿ, ಹಿಗ್ಗಬೇಕಾದಾಗ ಹಿಗ್ಗಿ, ಬಿಡಬೇಕಾದಾಗ ಬಿಟ್ಟು, ಶಾಂತಳಾಗಿ ಕಣ್ಣುಮುಚ್ಚಿದಳೆಂಬುದೂ ಮರೆಯಾಗಿಲ್ಲ. ಚಿಕ್ಕಬೆಟ್ಟದ ಕಲ್ಲು ತಾಯಿಯನ್ನೂ ಮಗಳನ್ನೂ ಬೇರ್ಪಡಿಸದೆ ಒಟ್ಟಿಗೇ ಉಳಿಸಿಕೊಂಡಿದೆ.